ಹೋದ ಮಕ್ಕಳಿಗೂ ವಂಶವೃಕ್ಷದಲ್ಲಿ ಜಾಗ ಬೇಕು

ನಮ್ಮಲ್ಲಿ ವಂಶವೃಕ್ಷದ ನೆನಪಾಗುವುದು ಹೆಚ್ಚಾಗಿ ಆಸ್ತಿಯ ಹೊತ್ತಿನಲ್ಲಿ. ಮನೆಯ ಹಿರಿಯರು ತೀರಿಕೊಂಡ ಮೇಲೆ ಪೌತಿ ಖಾತೆ ಆಗಬೇಕು. ಅದಕ್ಕೆ ನಾಡಕಚೇರಿಗೆ ಅರ್ಜಿ ಬೀಳುತ್ತದೆ, ಗ್ರಾಮ ಆಡಳಿತಾಧಿಕಾರಿ ವಿಚಾರಣೆ ಮಾಡುತ್ತಾರೆ, ಅಕ್ಕಪಕ್ಕದವರ ಹೇಳಿಕೆ ಆಗುತ್ತದೆ. ಹಾಳೆಯ ನೆತ್ತಿಯಲ್ಲಿ ಅಜ್ಜನ ಹೆಸರು, ಅದರಡಿ ಗೆರೆಗಳು, ಗೆರೆಯ ತುದಿಗೊಂದೊಂದು ಹೆಸರು. ಅಜ್ಜಿ ಹೆತ್ತದ್ದು ಎಂಟು, ಉಳಿದದ್ದು ಐದು ಎಂಬುದು ಇಡೀ ಕೇರಿಗೆ ಗೊತ್ತಿದ್ದರೂ ಹಾಳೆಯ ಮೇಲೆ ಸಾಮಾನ್ಯವಾಗಿ ಐದೇ ಗೆರೆ. ಉಳಿದ ಮೂವರ ಬಗ್ಗೆ ಅಧಿಕಾರಿ ಕೇಳುವುದಿಲ್ಲ, ಮನೆಯವರು ಹೇಳುವುದಿಲ್ಲ. ಹಕ್ಕುದಾರರಲ್ಲದವರ ಲೆಕ್ಕ ಯಾರಿಗೆ ಬೇಕು? ಮನೆಯವರೇ ಪ್ರೀತಿಯಿಂದ ಮಾಡಿಸಿ ಗೋಡೆಗೆ ತೂಗುಹಾಕುವ ವಂಶವೃಕ್ಷಗಳ ಕಥೆಯೂ ಇದೇ. ಕಚೇರಿಯ ಲೋಪವನ್ನು ನಾವು ಮನೆಯಲ್ಲೂ ನಕಲು ಮಾಡುತ್ತಿದ್ದೇವೆ. ಆ ಮೂರು ಗೆರೆಗಳನ್ನೂ ಎಳೆಯಬೇಕು ಎಂಬುದು ನನ್ನ ವಾದ. ಕಾನೂನಿಗೆ ಅಗತ್ಯವಿರುವ ಕಡೆ ಸರ್ಕಾರಿ ಹಾಳೆಯಲ್ಲಿ, ಮನೆಯ ದಾಖಲೆಯಲ್ಲಂತೂ ತಪ್ಪದೆ. ಹೋದ ಮಗುವಿನ ಮೇಲಿನ ಮಮತೆ ಇದಕ್ಕೆ ಒಂದು ಕಾರಣವಿರಬಹುದು. ನಾನು ಮುಂದಿಡುವುದು ಬದುಕಿರುವವರಿಗೆ, ಇನ್ನೂ ಹುಟ್ಟಬೇಕಾದವರಿಗೆ ಸಂಬಂಧಿಸಿದ ಕಾರಣಗಳನ್ನು.

ಮೊದಲು ಈ ಮಕ್ಕಳು ಎಷ್ಟಿದ್ದರು ಎಂಬುದನ್ನು ನೋಡೋಣ. ಸರ್ಕಾರದ ಮಾದರಿ ನೋಂದಣಿ ಲೆಕ್ಕದ ಪ್ರಕಾರ 1971ರಲ್ಲಿ ಭಾರತದಲ್ಲಿ ಹುಟ್ಟಿದ ಪ್ರತಿ ಸಾವಿರ ಮಕ್ಕಳಲ್ಲಿ 129 ಮಕ್ಕಳು ಒಂದು ವರ್ಷ ತುಂಬುವುದರೊಳಗೆ ತೀರಿಕೊಳ್ಳುತ್ತಿದ್ದವು. 2020ರ ಹೊತ್ತಿಗೆ ಅದು 28ಕ್ಕೆ ಇಳಿಯಿತು, ಕರ್ನಾಟಕದಲ್ಲಿ 19ಕ್ಕೆ. ಇದು ಸಣ್ಣ ಸಾಧನೆಯಲ್ಲ. ಆದರೆ ಇಂದು ಐವತ್ತು ದಾಟಿದವರ ತಲೆಮಾರಿನಲ್ಲಿ ಎಂಟು ಹೆರಿಗೆಯಾದ ಮನೆಯಲ್ಲಿ ಒಂದಾದರೂ ಕೂಸು ಹೋಗಿರುವುದು ಸಹಜವಾಗಿತ್ತು ಎಂಬುದನ್ನೂ ಈ ಅಂಕಿಯೇ ಹೇಳುತ್ತದೆ. ಒಂದು ವರ್ಷ ದಾಟಿದ ಮೇಲೆ ದಡಾರಕ್ಕೋ ವಾಂತಿಭೇದಿಗೋ ಹೋದವರು ಇದರಲ್ಲಿ ಸೇರಿಲ್ಲ. ಹೋದವರ ಗುರುತು ಕೆಲವೊಮ್ಮೆ ಉಳಿದವರ ಹೆಸರಿನಲ್ಲೇ ಇರುತ್ತದೆ. ಹುಟ್ಟಿದ ಮಕ್ಕಳು ಒಂದೊಂದಾಗಿ ಹೋಗುತ್ತಿದ್ದರೆ ಮುಂದಿನ ಕೂಸನ್ನು ತಿಪ್ಪೆಯ ಮೇಲೆ ಹೊರಳಿಸಿ ತಿಪ್ಪಣ್ಣ, ತಿಪ್ಪಮ್ಮ ಎಂದು ಹೆಸರಿಡುತ್ತಿದ್ದರು; ಕಲ್ಲಿನ ಹಾಗೆ ಗಟ್ಟಿಯಾಗಿ ಉಳಿಯಲಿ ಎಂದು ಗುಂಡಪ್ಪ, ಗುಂಡಮ್ಮ ಎಂದು ಕರೆಯುತ್ತಿದ್ದರು. ಎಲ್ಲ ತಿಪ್ಪಣ್ಣಂದಿರೂ ಹೀಗೆ ಬಂದವರಲ್ಲ, ನಾಯಕನಹಟ್ಟಿಯ ತಿಪ್ಪೇರುದ್ರಸ್ವಾಮಿಯ ಹರಕೆಗೆ ಹುಟ್ಟಿದವರೂ ಉಂಟು. ಆದರೂ ಮನೆಯ ಹಳೆಯ ಹೆಸರುಗಳ ನಡುವೆ ಇಂಥದೊಂದು ಕಂಡರೆ, ಅದರ ಹಿಂದೆ ಯಾರು ಹೋಗಿದ್ದರು ಎಂದು ಹಿರಿಯರನ್ನು ಕೇಳುವುದು ಒಳ್ಳೆಯದು.

ಹಾಗೆ ಹೋದ ಮಗುವಿನ ಮೂಲ ಹುಡುಕುವುದು ಎಂಥ ಕೆಲಸ ಎಂಬುದಕ್ಕೆ ಅಮೆರಿಕದ ಒಂದು ಪ್ರಕರಣ ಒಳ್ಳೆಯ ಸಾಕ್ಷಿ. 2016ರ ಮೇ ತಿಂಗಳಲ್ಲಿ ಸ್ಯಾನ್ ಫ್ರಾನ್ಸಿಸ್ಕೋದ ರಿಚ್ಮಂಡ್ ಬಡಾವಣೆಯಲ್ಲಿ ಮನೆ ದುರಸ್ತಿಗೆಂದು ನೆಲ ಅಗೆಯುತ್ತಿದ್ದವರಿಗೆ ಲೋಹದ ಪುಟ್ಟ ಶವಪೆಟ್ಟಿಗೆಯೊಂದು ಸಿಕ್ಕಿತು. ಅದರ ಮುಚ್ಚಳದಲ್ಲಿ ಗಾಜಿನ ಕಿಂಡಿಗಳು. ಒಳಗೆ ಬಿಳಿ ಉಡುಪಿನ ಒಂದು ಹೆಣ್ಣು ಮಗು, ಅದರ ಹೊಂಬಣ್ಣದ ಕೂದಲು ಕೂಡ ಹಾಗೇ ಇತ್ತು, ಸುತ್ತ ಒಣಗಿದ ಹೂವು. ಹೆಸರು ಮಾತ್ರ ಎಲ್ಲೂ ಇರಲಿಲ್ಲ. ಆ ಜಾಗದಲ್ಲಿ ಹಿಂದೆ ಆಡ್ ಫೆಲೋಸ್ ಎಂಬ ಸಂಘದ ಸ್ಮಶಾನವಿತ್ತು. ನಗರದೊಳಗೆ ಸ್ಮಶಾನಗಳು ಬೇಡವೆಂದು ಸಾವಿರಾರು ಶವಗಳನ್ನು ಪಕ್ಕದ ಕೋಲ್ಮಾ ಎಂಬ ಊರಿಗೆ ಸಾಗಿಸಿದಾಗ ಈ ಪೆಟ್ಟಿಗೆ ಹೇಗೋ ಉಳಿದುಹೋಗಿತ್ತು. ಅನಾಥ ಶಿಶುಗಳ ಅಂತ್ಯಕ್ರಿಯೆ ಮಾಡುವ ‘ಗಾರ್ಡನ್ ಆಫ್ ಇನೊಸೆನ್ಸ್’ ಎಂಬ ಸಂಸ್ಥೆ ಮುಂದೆ ಬಂದು ಮಗುವನ್ನು ಮಿರಾಂಡಾ ಈವ್ ಎಂಬ ತಾತ್ಕಾಲಿಕ ಹೆಸರಿನಲ್ಲಿ ಕೋಲ್ಮಾದಲ್ಲೇ ಮಣ್ಣು ಮಾಡಿತು. ಅಷ್ಟಕ್ಕೆ ಕೈತೊಳೆದುಕೊಳ್ಳಬಹುದಿತ್ತು. ಆದರೆ ಅದಕ್ಕೂ ಮುನ್ನ ಮಗುವಿನ ಕೂದಲಿನ ಕೆಲವು ಎಳೆ ತೆಗೆದಿರಿಸಿಕೊಂಡಿದ್ದರು. ಸ್ವಯಂಸೇವಕರು ಹಳೆಯ ಸ್ಮಶಾನದ ನಕ್ಷೆ ಹುಡುಕಿ ಇಂದಿನ ಬೀದಿಗಳ ಮೇಲೆ ಅದನ್ನು ಹೊಂದಿಸಿದರು. ಪೆಟ್ಟಿಗೆ ಸಿಕ್ಕ ಜಾಗ ಯಾವ ಕುಟುಂಬದ್ದಿರಬಹುದು ಎಂದು ಲೆಕ್ಕ ಹಾಕಿ, ಅಂತ್ಯಕ್ರಿಯೆ ನಡೆಸುತ್ತಿದ್ದ ಅಂಗಡಿಯ ಪುಸ್ತಕಗಳಲ್ಲಿ ಆ ವಯಸ್ಸಿನ ಹೆಣ್ಣು ಮಕ್ಕಳ ಹೆಸರು ಸೋಸುತ್ತ ಬಂದರು. ಕೊನೆಗೆ ಒಂದು ಹೆಸರು ನಿಂತಿತು: ಎಡಿತ್ ಹೊವಾರ್ಡ್ ಕುಕ್. 1873ರ ನವೆಂಬರ್ 28ರಂದು ಹುಟ್ಟಿ, 1876ರ ಅಕ್ಟೋಬರ್ 13ರಂದು, ಮೂರು ತುಂಬುವ ಮೊದಲೇ ತೀರಿಕೊಂಡ ಮಗು. ಪುಸ್ತಕದಲ್ಲಿ ಬರೆದಿದ್ದ ಕಾರಣ, ಮೈ ಸೊರಗಿ ಸಾಯುವ ಕಾಯಿಲೆ. ಕೂದಲಿನ ರಾಸಾಯನಿಕ ಪರೀಕ್ಷೆಯೂ ಕೊನೆಯ ತಿಂಗಳುಗಳಲ್ಲಿ ಮಗುವಿನ ದೇಹಕ್ಕೆ ಪೋಷಣೆ ಸಿಗುತ್ತಿರಲಿಲ್ಲ ಎಂದೇ ಹೇಳಿತು. ಮನೆಯಲ್ಲಿ ಬಡತನವೇನೂ ಇರಲಿಲ್ಲ, ತಂದೆಯದು ಚರ್ಮೋದ್ಯಮ. ಯಾವುದೋ ಸೋಂಕು ಉಂಡದ್ದನ್ನು ಮೈಗೆ ಹತ್ತಗೊಟ್ಟಿರಲಿಲ್ಲ ಎಂಬುದು ತಜ್ಞರ ಊಹೆ.

ಇಲ್ಲಿ ಗಮನಿಸಬೇಕಾದ್ದು ಹುಡುಕಾಟ ನಡೆದ ದಾರಿ. ಸಾಮಾನ್ಯವಾಗಿ ವಂಶ ಹುಡುಕುವವರು ತಮ್ಮಿಂದ ಶುರುಮಾಡಿ ತಂದೆ, ತಾತ, ಮುತ್ತಾತ ಎಂದು ಮೇಲಕ್ಕೆ ಹೋಗುತ್ತಾರೆ. ಎಳವೆಯಲ್ಲಿ ಹೋದ ಮಗುವಿಗೆ ಸಂತಾನವಿಲ್ಲ. ಅದರ ಪರವಾಗಿ ಹುಡುಕಲು ಹೊರಡುವ ಮೊಮ್ಮಕ್ಕಳೂ ಇಲ್ಲ. ಹಾಗಾಗಿ ಮಗುವಿನಿಂದ ತಂದೆತಾಯಿಗೆ ಏರಿ, ಅಲ್ಲಿಂದ ಒಡಹುಟ್ಟಿದವರ ಕಡೆಗೆ ಪಕ್ಕಕ್ಕೆ ಸರಿದು, ಅವರ ಮಕ್ಕಳು ಮೊಮ್ಮಕ್ಕಳೆಂದು ಮತ್ತೆ ಕೆಳಕ್ಕೆ ಇಳಿಯಬೇಕು. ಎಡಿತಳ ವಿಷಯದಲ್ಲಿ ಹೀಗೆ ಇಳಿದಾಗ ಸಿಕ್ಕವರು ಅವಳ ಸಹೋದರನ ಮೊಮ್ಮಗ. ಅವರ ಡಿಎನ್‌ಎ ಮತ್ತು ಕೂದಲಿನ ಡಿಎನ್‌ಎ ಹೊಂದಿದವು. 2017ರಲ್ಲಿ ಮಗುವಿಗೆ ತನ್ನ ಹೆಸರು ಮರಳಿತು. ಸುದ್ದಿಯಾದದ್ದು ಡಿಎನ್‌ಎ. ಆದರೆ ಆ ಪರೀಕ್ಷೆ ಯಾರನ್ನು ಯಾರೊಡನೆ ಹೋಲಿಸಬೇಕು ಎಂಬುದನ್ನು ಹೇಳಿದ್ದು ಒಂದು ನಕ್ಷೆ ಮತ್ತು ಅಂಗಡಿಯವರೊಬ್ಬರ ಪುಸ್ತಕ. ಕಾಗದ ಇಲ್ಲದಿದ್ದರೆ ವಿಜ್ಞಾನಕ್ಕೆ ಬಾಗಿಲು ತಟ್ಟಲು ಮನೆಯೇ ಸಿಗುತ್ತಿರಲಿಲ್ಲ.

ಪ್ರಯೋಗಾಲಯವನ್ನು ಮಾತ್ರ ನಂಬಿದರೆ ಏನಾಗುತ್ತದೆ ಎಂಬುದಕ್ಕೆ ಟೈಟಾನಿಕ್ ಹಡಗಿನ ಹೆಸರಿಲ್ಲದ ಮಗುವಿನ ಪ್ರಕರಣವಿದೆ. 1912ರಲ್ಲಿ ಸಮುದ್ರದಿಂದ ಎತ್ತಿದ ಸುಮಾರು ಎರಡು ವರ್ಷದ ಗಂಡು ಮಗುವನ್ನು ಕೆನಡಾದ ಹ್ಯಾಲಿಫ್ಯಾಕ್ಸ್‌ನಲ್ಲಿ ಹೂಳಿದ್ದರು. 2001ರಲ್ಲಿ ಸಮಾಧಿ ತೆರೆದಾಗ ಉಳಿದದ್ದು ಬೆರಳುದ್ದದ ಒಂದು ಮೂಳೆಯ ಚೂರು ಮತ್ತು ಮೂರು ಹಲ್ಲು. ಮರುವರ್ಷ ಡಿಎನ್‌ಎ ನೋಡಿ 13 ತಿಂಗಳ ಫಿನ್ಲೆಂಡಿನ ಮಗು ಎಂದು ಘೋಷಿಸಿದರು. ಅದು ತಪ್ಪಾಗಿತ್ತು. ಆ ಮಗುವಿನದೆಂದು ಪೊಲೀಸ್ ಸಾರ್ಜೆಂಟ್ ಒಬ್ಬರು ಕಾಪಿಟ್ಟಿದ್ದ, ಮುಂದೆ ಅವರ ಮನೆತನದವರು ವಸ್ತುಸಂಗ್ರಹಾಲಯಕ್ಕೆ ಕೊಟ್ಟ ಜೊತೆ ಬೂಟು 13 ತಿಂಗಳ ಕಾಲಿಗೆ ದೊಡ್ಡದು. ಮತ್ತೆ, ಇನ್ನಷ್ಟು ಸೂಕ್ಷ್ಮವಾಗಿ ಪರೀಕ್ಷೆ ಮಾಡಿದಾಗ ಅದು ಇಂಗ್ಲೆಂಡಿನ 19 ತಿಂಗಳ ಸಿಡ್ನಿ ಲೆಸ್ಲಿ ಗುಡ್ವಿನ್ ಎಂದು ತಿಳಿಯಿತು. ತಂದೆತಾಯಿ, ಆರು ಮಕ್ಕಳು ಸೇರಿ ಎಂಟು ಮಂದಿಯ ಆ ಕುಟುಂಬದಲ್ಲಿ ಒಬ್ಬರೂ ಉಳಿದಿರಲಿಲ್ಲ. ಆದರೂ ಮಗುವಿನ ತಾಯಿಯ ಕಡೆಯ ಬಂಧುಗಳನ್ನು ಹುಡುಕಲು ಸಾಧ್ಯವಾಯಿತು, ಏಕೆಂದರೆ ಇಂಗ್ಲೆಂಡಿನಲ್ಲಿ ಹೆಣ್ಣು ಮಕ್ಕಳ ಹುಟ್ಟು, ಮದುವೆಗಳೂ ದಾಖಲಾಗಿದ್ದವು. 1911ರ ಅಲ್ಲಿನ ಜನಗಣತಿಯಂತೂ ಪ್ರತಿ ವಿವಾಹಿತ ಹೆಂಗಸಿಗೆ ಜೀವಂತವಾಗಿ ಹುಟ್ಟಿದ ಮಕ್ಕಳೆಷ್ಟು, ಈಗಿರುವವರೆಷ್ಟು, ಹೋದವರೆಷ್ಟು ಎಂದು ಬಿಡಿಸಿ ಕೇಳಿತ್ತು. ಇಂದಿಗೂ ಅಲ್ಲಿನ ವಂಶ ಸಂಶೋಧಕರು ಕಾಣೆಯಾದ ಮಗುವಿನ ಜಾಡು ಹಿಡಿಯುವುದು ಆ ಮೂರನೆಯ ಅಂಕಣದಿಂದ.

ಇದನ್ನು ನಮ್ಮ ನೆಲಕ್ಕೆ ತಂದು ನೋಡಿದರೆ ಒಂದು ವಿಚಿತ್ರ ಕಾಣುತ್ತದೆ. ಬೆಂಗಳೂರು ದಂಡಿನಲ್ಲಿ 1850ರ ದಶಕದಲ್ಲಿ ತೀರಿಕೊಂಡ ಬ್ರಿಟಿಷ್ ಸಿಪಾಯಿಯೊಬ್ಬನ ಕೂಸಿನ ಮೂಲ ಹುಡುಕಲು ಇಂದು ಹೆಚ್ಚು ಕಷ್ಟವಿಲ್ಲ. ಮದ್ರಾಸ್ ಪ್ರೆಸಿಡೆನ್ಸಿಯ ಇಗರ್ಜಿಗಳಲ್ಲಿ ನಡೆದ ದೀಕ್ಷಾಸ್ನಾನ, ಮದುವೆ, ಶವಸಂಸ್ಕಾರಗಳ ಪಟ್ಟಿಯ ಪ್ರತಿಗಳು ಲಂಡನ್ನಿಗೆ ಹೋಗುತ್ತಿದ್ದವು. 17ನೇ ಶತಮಾನದ ಕೊನೆಯಿಂದ ಕೂಡಿಬಂದ ಆ ಪಟ್ಟಿಗಳು ಈಗಲೂ ಬ್ರಿಟಿಷ್ ಲೈಬ್ರರಿಯಲ್ಲಿವೆ. ಮಗುವಿನ ಹೆಸರು, ವಯಸ್ಸು, ತಂದೆಯ ಪಲ್ಟಣದ ಹೆಸರು ಸಾಲಾಗಿ ಸಿಗುತ್ತವೆ. ಅದೇ ವರ್ಷ, ಅದೇ ಜ್ವರಕ್ಕೆ, ಅದೇ ದಂಡಿನ ಅಂಚಿನ ಹಲಸೂರಿನಲ್ಲಿ ಹೋದ ಕನ್ನಡದ ಕೂಸಿಗೆ, ತಮಿಳಿನ ಕೂಸಿಗೆ ಅಂಥ ಒಂದು ಸಾಲು ಸಿಗುವುದು ದುರ್ಲಭ. ಎಡಿತಳಿಗೂ ಲೋಹದ ಪೆಟ್ಟಿಗೆ ಮಾಡಿಸುವ ಶಕ್ತಿಯಿದ್ದ ಅಪ್ಪನಿದ್ದ ಎಂಬುದನ್ನು ಮರೆಯುವಂತಿಲ್ಲ. ಯಾವ ಮಗುವಿನ ವಂಶ ಪತ್ತೆಯಾಗುತ್ತದೆ, ಯಾವುದರದು ಆಗುವುದಿಲ್ಲ ಎಂಬುದನ್ನು ಬಹುಮಟ್ಟಿಗೆ ಮೊದಲೇ ತೀರ್ಮಾನಿಸುವುದು ದುಡ್ಡು ಮತ್ತು ಅಧಿಕಾರ. ಈ ತಾರತಮ್ಯವನ್ನು ಹಿಂದಕ್ಕೆ ಹೋಗಿ ಸರಿಪಡಿಸಲಾಗದು. ನಮ್ಮ ಅಜ್ಜಿಯರ ನೆನಪಿನಲ್ಲಿ ಇನ್ನೂ ಉಳಿದಿರುವ ಒಂದೆರಡು ತಲೆಮಾರಿನ ಮಟ್ಟಿಗೆ ಸರಿಪಡಿಸಲು ಮಾತ್ರ ಈಗಲೂ ಹೊತ್ತು ಮೀರಿಲ್ಲ.

ನಮ್ಮಲ್ಲಿ ವಂಶಾವಳಿಯ ಪರಂಪರೆಯೇ ಇರಲಿಲ್ಲ ಎಂದೇನೂ ಅಲ್ಲ. ಉತ್ತರ ಕರ್ನಾಟಕದ ಹಳ್ಳಿಗಳಿಗೆ ಕೆಲವು ವರ್ಷಕ್ಕೊಮ್ಮೆ ಬರುವ ಹೆಳವರು ಮನೆಯ ಮುಂದೆ ನಿಂತು ಹತ್ತಾರು ತಲೆಮಾರಿನ ಹೆಸರು ಹೇಳುತ್ತಾರೆ, ಹಿಂದಿನ ಬಾರಿ ಬಂದುಹೋದ ಮೇಲೆ ಹುಟ್ಟಿದವರನ್ನು ತಮ್ಮ ಪುಸ್ತಕಕ್ಕೆ ಸೇರಿಸಿಕೊಳ್ಳುತ್ತಾರೆ, ಕಾಳುಕಡಿ ಪಡೆದು ಮುಂದಿನ ಊರಿಗೆ ಹೋಗುತ್ತಾರೆ. ಅಂಥ ನೆನಪಿನ ಶಕ್ತಿಗೆ ತಲೆಬಾಗಲೇಬೇಕು. ಆದರೆ ಅದರ ಬೆನ್ನೆಲುಬು ಗಂಡು ಸಂತತಿ. ವಂಶ ಮುಂದುವರಿಸಿದವನ ಹೆಸರು ಉಳಿಯಿತು. ಶ್ರಾದ್ಧದ ಲೆಕ್ಕವೂ ತಂದೆ, ತಾತ, ಮುತ್ತಾತ ಎಂಬ ಮೂರು ತಲೆಗೆ ಮುಗಿಯುತ್ತದೆ. ಎರಡು ವರ್ಷ ತುಂಬದ ಮಗುವನ್ನು ಸುಡದೆ ಹೂಳಬೇಕು, ಅದಕ್ಕೆ ನೀರು ಬಿಡುವ ಕರ್ಮವಿಲ್ಲ ಎಂದು ಮನುಸ್ಮೃತಿ ಹೇಳುತ್ತದೆ. ಹೋದ ಕೂಸಿಗೆ ತಿಥಿಯಿಲ್ಲ, ಪಿಂಡವಿಲ್ಲ; ಹಾಗಾಗಿ ಹೆಸರು ಉಚ್ಚರಿಸುವ ಸಂದರ್ಭವೂ ಇಲ್ಲ. ಸಂಪ್ರದಾಯ ಹೀಗಿರುವಾಗ ಅದರ ಹೆಸರು ಬರೆದಿಡುವುದು ಅಶುಭವಲ್ಲವೇ ಎಂದು ಕೇಳುವವರಿದ್ದಾರೆ. ಶಾಸ್ತ್ರ ಹೇಳಿದ್ದು ಕರ್ಮ ಬೇಡ ಎಂದು, ಮರೆತುಬಿಡಿ ಎಂದಲ್ಲ. ಅಷ್ಟು ಎಳೆಯ ಜೀವಕ್ಕೆ ಋಣವಿಲ್ಲ, ಅದರ ಸೂತಕವೂ ಹಗುರ ಎಂಬ ಭಾವ ಅದರ ಹಿಂದಿರಬಹುದು. ಅದಲ್ಲದೆ ಹೂಳುವುದೇ ಪದ್ಧತಿಯಾದ ಲಿಂಗಾಯತರಲ್ಲಿ, ಮುಸ್ಲಿಮರಲ್ಲಿ, ಕ್ರೈಸ್ತರಲ್ಲಿ ಈ ವಾದವೇ ಹುಟ್ಟುವುದಿಲ್ಲ. ಮಂಗಳೂರಿನ ಕಡೆಯ ಇಗರ್ಜಿಗಳ ಪುಸ್ತಕ ಬಿಟ್ಟರೆ ಆ ಮನೆಗಳ ವಂಶವೃಕ್ಷಗಳಲ್ಲೂ ಹೋದ ಮಕ್ಕಳು ಸಿಗುವುದು ಅಪರೂಪ. ಕಾರಣ ಧರ್ಮಕ್ಕಿಂತ ರೂಢಿಯಲ್ಲಿದೆ.

ಈಗ ಬದುಕಿರುವವರ ವಿಷಯಕ್ಕೆ ಬರುತ್ತೇನೆ. ನನ್ನ ದೃಷ್ಟಿಯಲ್ಲಿ ಇದೇ ಎಲ್ಲಕ್ಕಿಂತ ಭಾರವಾದ ಕಾರಣ. ಅನುವಂಶೀಯ ಕಾಯಿಲೆಯ ಅನುಮಾನವಿರುವ ಮಗುವನ್ನು ದೊಡ್ಡಾಸ್ಪತ್ರೆಗೆ ಕರೆದೊಯ್ದರೆ ತಜ್ಞರು ಮೊದಲು ಮಾಡುವುದು ಒಂದು ಹಾಳೆ ತೆಗೆದುಕೊಂಡು ಮನೆತನದ ಚಿತ್ರ ಬರೆಯುವುದು. ಗಂಡಿಗೆ ಚೌಕ, ಹೆಣ್ಣಿಗೆ ವೃತ್ತ. ತೀರಿಕೊಂಡವರ ಗುರುತಿನ ಮೇಲೆ ಓರೆಗೆರೆ. ಗರ್ಭಪಾತವಾಗಿದ್ದರೆ ಪುಟ್ಟ ತ್ರಿಕೋನ. ಗಂಡ ಹೆಂಡತಿ ರಕ್ತಸಂಬಂಧಿಗಳಾಗಿದ್ದರೆ ಅವರ ನಡುವೆ ಒಂದರ ಬದಲು ಜೋಡಿಗೆರೆ. ಕಚೇರಿಯ ವಂಶವೃಕ್ಷ ಬಿಟ್ಟುಬಿಟ್ಟ ಹೆಸರುಗಳೇ ಈ ಹಾಳೆಯಲ್ಲಿ ಮುಖ್ಯ. ಕರ್ನಾಟಕದಲ್ಲಿ ಇದರ ಮಹತ್ವ ಬೇರೆ ಹಲವು ರಾಜ್ಯಗಳಿಗಿಂತ ಹೆಚ್ಚು, ಏಕೆಂದರೆ ಐದನೆಯ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಇಲ್ಲಿ ನಾಲ್ಕರಲ್ಲಿ ಒಂದಕ್ಕಿಂತ ಹೆಚ್ಚು ಮದುವೆ ಸಂಬಂಧದೊಳಗೇ ಆಗಿದೆ. ಅಕ್ಕನ ಮಗಳನ್ನು ತಂದುಕೊಂಡ ಮನೆಯಲ್ಲಿ ಹುಟ್ಟುವ ಮಗುವಿಗೆ ಯಾವುದೇ ಒಂದು ಜೀನಿನ ಎರಡೂ ಪ್ರತಿ ಒಬ್ಬರೇ ಹಿರಿಯರಿಂದ ಬಂದಿರುವ ಸಾಧ್ಯತೆ ಎಂಟರಲ್ಲಿ ಒಂದು. ಅತ್ತೆಯ ಮಗ, ಮಾವನ ಮಗಳು ಮದುವೆಯಾದರೆ ಹದಿನಾರರಲ್ಲಿ ಒಂದು. ಆ ಜೀನಿನಲ್ಲಿ ದೋಷವಿದ್ದರೆ ಆರೋಗ್ಯವಾಗಿರುವ ತಂದೆತಾಯಿಗೆ ಕಾಯಿಲೆಯ ಮಗು ಹುಟ್ಟುತ್ತದೆ. ಅಜ್ಜಿಯ ಕಾಲದಲ್ಲಿ ಬಾಲಗ್ರಹ ಎಂದೋ ದೃಷ್ಟಿ ಎಂದೋ ಹೇಳಿ ಮಣ್ಣು ಮಾಡಿದ ಎರಡು ಕೂಸುಗಳು, ಇಂದು ಅದೇ ಬಗೆಯಲ್ಲಿ ಫಿಟ್ಸ್ ಬರುತ್ತಿರುವ ಮರಿಮಗುವಿನ ಕಾಯಿಲೆಗೆ ಸುಳಿವಾಗಬಲ್ಲವು. ಹೋದ ಎಲ್ಲ ಮಕ್ಕಳ ಸಾವಿಗೂ ರಕ್ತವೇ ಕಾರಣ ಎಂದು ಹೆದರಬೇಕಾಗಿಲ್ಲ. ಬಹಳಷ್ಟು ಮಕ್ಕಳನ್ನು ಕೊಂದದ್ದು ವಾಂತಿಭೇದಿ, ನ್ಯುಮೋನಿಯಾ, ದಿನ ತುಂಬದ ಹೆರಿಗೆ, ಹೊಕ್ಕುಳಬಳ್ಳಿಯ ನಂಜು. ಒಂದೇ ಬಗೆಯ ಸಾವು ಮರುಕಳಿಸಿತೇ ಎಂದು ನೋಡಬೇಕು. ನೋಡಬೇಕೆಂದರೆ ಬರೆದಿರಬೇಕು.

ಬರೆದಿದ್ದರೆ ಏನು ಕಾಣುತ್ತದೆ ಎಂಬುದಕ್ಕೆ ಯುರೋಪಿನ ರಾಜಮನೆತನಗಳಿಗಿಂತ ಸ್ಪಷ್ಟ ನಿದರ್ಶನ ಬೇಕಿಲ್ಲ. ವಿಕ್ಟೋರಿಯಾ ರಾಣಿಯ ಮಗಳು ಆಲಿಸ್‌ಳ ಎರಡು ವರ್ಷದ ಮಗ ಫ್ರೀಡ್ರಿಚ್ 1873ರ ಮೇ 29ರಂದು ಕಿಟಕಿಯಿಂದ ಬಿದ್ದು ರಕ್ತಸ್ರಾವದಿಂದ ಹೋದ. ಆ ಮಗುವಿಗೆ ರಕ್ತ ಹೆಪ್ಪುಗಟ್ಟದ ಹಿಮೋಫಿಲಿಯಾ ಇತ್ತು. ಅವನ ಅಕ್ಕ ಐರೀನ್ ಪ್ರಷ್ಯಾಕ್ಕೆ ಸೊಸೆಯಾಗಿ ಹೋದಳು. ಅವಳ ನಾಲ್ಕು ವರ್ಷದ ಮಗನೂ 1904ರ ಫೆಬ್ರವರಿಯಲ್ಲಿ ಅದೇ ಬಗೆಯಲ್ಲಿ ತೀರಿಕೊಂಡ. ತಂಗಿ ಅಲಿಕ್ಸ್ ರಷ್ಯಾದ ಚಕ್ರವರ್ತಿನಿಯಾದಳು. ಅದೇ ವರ್ಷ ಆಗಸ್ಟಿನಲ್ಲಿ ಹುಟ್ಟಿದ ಅವಳ ಮಗ ಅಲೆಕ್ಸಿಗೂ ಅದೇ ಕಾಯಿಲೆ. ರೋಗ ಹೆಣ್ಣಿನ ಮೂಲಕ ಸಾಗಿ ಗಂಡಿನಲ್ಲಿ ಕಾಣಿಸಿಕೊಳ್ಳುತ್ತದೆ ಎಂಬುದನ್ನು ಅಮೆರಿಕದ ವೈದ್ಯ ಜಾನ್ ಕಾನ್ರಾಡ್ ಆಟೊ 1803ರಷ್ಟು ಹಿಂದೆಯೇ ಬರೆದಿದ್ದರು. ಅಲೆಕ್ಸಿಯ ಮೂಳೆಗಳ ಡಿಎನ್‌ಎಯಿಂದ ಆ ದೋಷ ಯಾವ ಜೀನಿನದೆಂದು 2009ರಲ್ಲಿ ಖಚಿತವಾಯಿತು. ಆದರೆ ಯಾವ ಯಂತ್ರವೂ ಇಲ್ಲದ ಕಾಲದಲ್ಲೇ, ಎರಡು ವರ್ಷದ ಫ್ರೀಡ್ರಿಚ್‌ನ ಹೆಸರಿದ್ದ ವಂಶಾವಳಿಯಲ್ಲಿ ಅವನ ಅಕ್ಕತಂಗಿಯರ ಮಕ್ಕಳಿಗೆ ಕಾದಿದ್ದ ಅಪಾಯದ ಸುಳಿವಿತ್ತು. ಅವರದು ಅರಮನೆ, ಸುಳಿವು ಕಾಗದದಲ್ಲಿ ಉಳಿಯಿತು. ನಮ್ಮ ಮನೆಗಳಲ್ಲಿ ಅದು ಸೂಲಗಿತ್ತಿಯ ಜೊತೆಗೇ ಹೋಯಿತು.

ಕಾನೂನಿನ ದೃಷ್ಟಿಯಲ್ಲೂ ಹೋದ ಮಗು ಯಾವಾಗಲೂ ಲೆಕ್ಕಕ್ಕಿಲ್ಲದ್ದಲ್ಲ. 1956ರ ಹಿಂದೂ ಉತ್ತರಾಧಿಕಾರ ಕಾಯ್ದೆಯ ಪ್ರಕಾರ ತಂದೆ ತೀರಿಕೊಂಡಾಗ ಹೊಟ್ಟೆಯಲ್ಲಿದ್ದ ಮಗು ಮುಂದೆ ಜೀವಂತವಾಗಿ ಹುಟ್ಟಿದರೆ ಅದಕ್ಕೂ ಉಳಿದ ಮಕ್ಕಳಷ್ಟೇ ಹಕ್ಕಿದೆ. ಉಯಿಲು ಬರೆಯದೆ ಹೋದ ಒಬ್ಬನ ಸ್ವಯಾರ್ಜಿತ ಆಸ್ತಿಗೆ ತಾಯಿ, ಹೆಂಡತಿ, ಇಬ್ಬರು ಮಕ್ಕಳು ಮತ್ತು ಒಂದು ಹಸುಗೂಸು ವಾರಸುದಾರರು ಎಂದಿಟ್ಟುಕೊಳ್ಳಿ. ಐದು ಸಮಪಾಲು. ಆರು ತಿಂಗಳ ಮೇಲೆ ಆ ಗಂಡು ಕೂಸು ಹೋದರೆ ಅದರ ಪಾಲು ಅದರ ತಾಯಿಗೆ ಸೇರುತ್ತದೆ. ಅಜ್ಜಿಗಾಗಲೀ ಒಡಹುಟ್ಟಿದವರಿಗಾಗಲೀ ಅಲ್ಲ. ವಂಶವೃಕ್ಷದಲ್ಲಿ ಆ ಕೂಸನ್ನೇ ಬಿಟ್ಟರೆ ನಾಲ್ಕು ಪಾಲಾಗುತ್ತದೆ, ವಿಧವೆಗೆ ಐದರಲ್ಲಿ ಎರಡರ ಬದಲು ನಾಲ್ಕರಲ್ಲಿ ಒಂದು ಸಿಗುತ್ತದೆ. ಕೂಸು ಹೆಣ್ಣಾಗಿದ್ದರೆ ಅದರ ಪಾಲು ಹೋಗುವ ದಾರಿ ಬೇರೆ. ಆ ತಾರತಮ್ಯ ಇನ್ನೊಂದು ಲೇಖನದ ವಿಷಯ. ಇಂಥ ಪ್ರಸಂಗ ದಿನವೂ ಬರುವುದಿಲ್ಲ ನಿಜ. ಆದರೆ ಬಂದಾಗ ನಷ್ಟವಾಗುವುದು ಗಂಡನನ್ನೂ ಮಗುವನ್ನೂ ಒಂದೇ ವರ್ಷ ಕಳೆದುಕೊಂಡ ಹೆಂಗಸಿಗೆ. ಅಂದಮೇಲೆ ವಂಶವೃಕ್ಷದ ಅರ್ಜಿಯಲ್ಲಿ ‘ತೀರಿಕೊಂಡ ಮಕ್ಕಳು, ತೀರಿಕೊಂಡ ದಿನಾಂಕ’ ಎಂಬ ಒಂದು ಸಾಲನ್ನು ಕಡ್ಡಾಯವಾಗಿ ಕೇಳುವುದು ಕಂದಾಯ ಇಲಾಖೆಗೆ ದೊಡ್ಡ ಹೊರೆಯೇನಲ್ಲ.

ಇಷ್ಟಾದ ಮೇಲೂ ಒಂದು ಆಕ್ಷೇಪ ಉಳಿಯುತ್ತದೆ, ಅದನ್ನು ಹಗುರವಾಗಿ ತಳ್ಳಿಹಾಕುವಂತಿಲ್ಲ. ಮರೆತ ನೋವನ್ನು ಕೆದಕುವುದೇಕೆ? ಎಂಬತ್ತು ದಾಟಿದ ತಾಯಿಯನ್ನು ಕೂರಿಸಿಕೊಂಡು, ಅರವತ್ತು ವರ್ಷದ ಹಿಂದೆ ಹೋದ ಕೂಸಿನ ವಿವರ ಕೇಳುವುದು ಕ್ರೌರ್ಯವಲ್ಲವೇ? ತಾಯಿ ಮರೆತಿದ್ದಾಳೆ ಎಂಬ ನಂಬಿಕೆಯೇ ಇಲ್ಲಿ ಅನುಮಾನಾಸ್ಪದ. ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯವರು ಲಕ್ಷಾಂತರ ಹೆಂಗಸರನ್ನು ಇದೇ ವಿಷಯ ಕೇಳುತ್ತ ಬಂದಿದ್ದಾರೆ. ಜೀವಂತವಾಗಿ ಹುಟ್ಟಿ ಆಮೇಲೆ ತೀರಿಕೊಂಡ ಮಗು ಇತ್ತೇ ಎಂಬುದು ಅವರ ಪ್ರಶ್ನೆ. ಇಲ್ಲ ಎಂದರೂ ಅಲ್ಲಿಗೆ ಬಿಡುವುದಿಲ್ಲ. ಹುಟ್ಟಿ ಅತ್ತಿತ್ತೇ, ಕೆಲವು ಗಂಟೆಯೋ ದಿನವೋ ಮಾತ್ರ ಬದುಕಿತ್ತೇ ಎಂದು ಇನ್ನೊಮ್ಮೆ ಕೇಳುತ್ತಾರೆ. ದೇಶದ ಶಿಶು ಮರಣದ ಅಂದಾಜಿಗೆ ಆ ಹೆಂಗಸರ ಉತ್ತರ ಒಂದು ಮುಖ್ಯ ಆಧಾರ. ಗುರುತಿಲ್ಲದ ಸಮೀಕ್ಷಕಿಗೆ ತಾಯಿ ಹೇಳುವುದನ್ನು ಸ್ವಂತ ಮೊಮ್ಮಗಳು ಕೇಳುವ ಧೈರ್ಯ ಮಾಡದಿರುವುದೇ ಹೆಚ್ಚು. ಕೇಳುವ ರೀತಿ ಇದೆ, ಹೊತ್ತು ಇದೆ, ಬೇಡ ಎಂದರೆ ನಿಲ್ಲಿಸುವ ವಿವೇಕವೂ ಇರಬೇಕು. ಹೇಳದಿರುವ ಹಕ್ಕು ಅವಳದೇ. ಆದರೆ ಅವಳ ಪರವಾಗಿ ನಾವೇ ಮೌನ ವಹಿಸಿ, ಅದಕ್ಕೆ ಕರುಣೆ ಎಂಬ ಹೆಸರು ಕೊಡುವುದು ಸರಿಯಲ್ಲ.

ವಂಶಾವಳಿಯ ಹುಚ್ಚೇ ಜಾತಿಯ ಹಮ್ಮಿನ ಇನ್ನೊಂದು ಮುಖ, ಅದಕ್ಕೆ ಇನ್ನಷ್ಟು ಹೆಸರು ಸೇರಿಸಿ ಏನು ಉಪಯೋಗ ಎಂಬುದು ಪ್ರಗತಿಪರರ ಪ್ರಶ್ನೆ. ಇದರಲ್ಲಿ ಹುರುಳಿದೆ. ಗೋತ್ರ, ಮೂಲಪುರುಷ, ಪಾಳೆಯಗಾರರ ಸಂಬಂಧ ಎಂದು ಬೀಗಲು ಮಾಡಿಸುವ ವಂಶವೃಕ್ಷಗಳು ಕಡಿಮೆಯಿಲ್ಲ. ಆದರೆ ಹೋದ ಮಕ್ಕಳ ಹೆಸರು ಆ ಹಮ್ಮಿಗೆ ಕೆಲಸಕ್ಕೆ ಬಾರದು. ಆರು ವರ್ಷದಲ್ಲಿ ನಾಲ್ಕು ಹೆರಿಗೆ, ಅದರಲ್ಲಿ ಎರಡು ಸಾವು ಎಂದು ಬರೆದ ಕೂಡಲೇ ಮೂಲಪುರುಷನ ಪೇಟ ಹಿಂದಕ್ಕೆ ಸರಿದು ಅವನ ಹೆಂಡತಿಯ ಬಸವಳಿದ ದೇಹ ಮುಂದೆ ಬರುತ್ತದೆ. ಯಾವ ಹೆಂಡತಿಯ ಮಗು ಎಂದು ಬರೆಯಬೇಕಾಗುತ್ತದೆ, ಆಗ ಆಕೆಯ ಹೆಸರೂ ಬರೆಯಬೇಕಾಗುತ್ತದೆ. ಬರಗಾಲದ ವರ್ಷ, ಪ್ಲೇಗಿನ ವರ್ಷ, ದೂರದ ಆಸ್ಪತ್ರೆ ಎಲ್ಲ ಹಾಳೆಯ ಮೇಲೆ ಬರುತ್ತವೆ. ಹೆಣ್ಣು ಕೂಸುಗಳೇ ಹೆಚ್ಚಾಗಿ ಹೋಗಿದ್ದರೆ ಮನೆಯವರು ಉತ್ತರಿಸಬೇಕಾದ ಪ್ರಶ್ನೆಯೂ ಏಳುತ್ತದೆ. ಹಮ್ಮಿನ ವಂಶಾವಳಿಯ ಬಗ್ಗೆ ತಕರಾರಿದ್ದವರು ಇಂಥ ವಂಶಾವಳಿಗೆ ಮೊದಲು ಒತ್ತಾಯಿಸಬೇಕು.

ಏನೂ ಗೊತ್ತಿಲ್ಲದಿದ್ದರೆ ಏನು ಬರೆಯುವುದು ಎಂಬುದು ಕೊನೆಯ ತೊಡಕು. ಹೆಸರೇ ಇಡದ ಕೂಸಾದರೆ ‘ಎರಡನೆಯ ಮಗು, ಹೆಣ್ಣು, ಹುಟ್ಟಿದ ಹನ್ನೊಂದನೆಯ ದಿನ ಹೋಯಿತು, ಬಾವಿ ತೋಡಿದ ವರ್ಷ’ ಎಂದು ಬರೆದರೂ ಅದು ದಾಖಲೆಯೇ. 1970ರಿಂದ ಈಚಿನ ಮಕ್ಕಳಾದರೆ ಕಾಗದ ಸಿಗುವ ಅವಕಾಶವೂ ಇದೆ. ಜನನ ಮರಣ ನೋಂದಣಿ ಕಾಯ್ದೆ ಬಂದದ್ದು 1969ರಲ್ಲಿ. ಹೆಸರಿಡದ ಮಗುವಿನ ಹುಟ್ಟನ್ನೂ ಸಾವನ್ನೂ, ಸತ್ತು ಹುಟ್ಟಿದ ಮಗುವನ್ನೂ ನಿಗದಿತ ಅವಧಿಯೊಳಗೆ ಬರೆಸಬೇಕು ಎನ್ನುತ್ತದೆ ಕಾಯ್ದೆ. ಎಷ್ಟೋ ಕಡೆ ಬರೆಸಲಿಲ್ಲ ಎಂಬುದು ನಿಜ, ಆದರೆ ಬರೆಸಿದ್ದರೆ ಎಲ್ಲಿ ಹುಡುಕಬೇಕು ಎಂಬುದು ಹಲವರಿಗೆ ಹೊಳೆಯುವುದಿಲ್ಲ. ಘಟನೆ ನಡೆದ ಊರಿನಲ್ಲಿ ನೋಂದಣಿ ಆಗುತ್ತದೆ. ಚೊಚ್ಚಲ ಬಾಣಂತನ ತವರಿನಲ್ಲಿ ಎಂಬ ಪದ್ಧತಿಯಿಂದಾಗಿ ಮಗುವಿನ ಹುಟ್ಟು ತಾಯಿಯ ತವರಿನ ಪುಸ್ತಕದಲ್ಲಿ, ಸಾವು ಗಂಡನ ಊರಿನ ಪುಸ್ತಕದಲ್ಲಿ ಇರಬಹುದು. ಅಪ್ಪನ ಊರಿನಲ್ಲಿ ಮಾತ್ರ ಹುಡುಕಿ ಏನೂ ಇಲ್ಲ ಎಂದು ಮರಳಿದವರು ಅಜ್ಜಿಯ ತವರಿನ ತಾಲ್ಲೂಕಿನಲ್ಲಿ ಇನ್ನೊಮ್ಮೆ ವಿಚಾರಿಸಬೇಕು. ಕಾಯ್ದೆಯ 17ನೇ ಕಲಮಿನಂತೆ ಯಾರು ಬೇಕಾದರೂ ಶುಲ್ಕ ಕಟ್ಟಿ ನೋಂದಣಿ ಪುಸ್ತಕದಲ್ಲಿ ಹುಡುಕಿಸಿ ಪ್ರತಿ ಪಡೆಯಬಹುದು. ಅದೇ ಕಲಮಿನಲ್ಲಿ ಒಂದು ನಿರ್ಬಂಧವೂ ಇದೆ. ಕೊಡುವ ಪ್ರತಿಯಲ್ಲಿ ಸಾವಿನ ಕಾರಣವನ್ನು ತೋರಿಸುವಂತಿಲ್ಲ. ಹೆಸರು, ದಿನಾಂಕ, ಊರು ಕಚೇರಿಯಿಂದ ಸಿಕ್ಕೀತು. ಮಗು ನೀಲಿಗಟ್ಟಿತೇ, ಹಾಲು ಕುಡಿಯುವುದನ್ನು ಬಿಟ್ಟಿತೇ, ಮೂರು ದಿನದ ಜ್ವರವೋ ಮೂರು ತಿಂಗಳ ಸೊರಗುವಿಕೆಯೋ ಎಂಬುದನ್ನು ಮಾತ್ರ ಅದನ್ನು ಎತ್ತಿ ಆಡಿಸಿದವರಿಂದಲೇ ಕೇಳಿ ಬರೆದುಕೊಳ್ಳಬೇಕು.